ಬಾಡಿಗೆ ಕರಾರಿಗೆ ಕೆಂಪು ಶಾಯಿ

ಮಾರ್ಚ್ ೧೪, ಬೆಳಿಗ್ಗೆ ೬.೪೦

ತಮ್ಮಾ,

ಎದ್ದ ತಕ್ಷಣ ಇದನ್ನು ಓದು. ಹಲ್ಲುಜ್ಜುವುದು ಆಮೇಲೆ.

ಬಂದರಿನ ಊರಿನ ಮನೆಯೊಡತಿ ಈಗಷ್ಟೇ ಫೋನ್ ಮಾಡಿದ್ದರು. ಸಹಿಗೆಂದು ಕಳಿಸಿದ ಬಾಡಿಗೆ ಕರಾರನ್ನು ನೀನು ಉತ್ತರಪತ್ರಿಕೆಯಂತೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದ್ದೀಯಂತೆ. “ನಿಮ್ಮ ತಮ್ಮ ಬಾಡಿಗೆಗೆ ಬರ್ತಾನೋ, ಕೇಸ್ ಹಾಕೋಕೆ ಬರ್ತಾನೋ? ಲಾ ಓದಿರೋರಿಗೆ ಮನೆ ಕೊಡಬೇಡ ಅಂತ ಎಲ್ಲರೂ ಬಡ್ಕೊಂಡ್ರು” ಎಂದರು. ಅವರ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಮಧ್ಯಾಹ್ನದವರೆಗೆ ಕಾಯುತ್ತಾರಂತೆ, ಆಮೇಲೆ ಕೋಣೆ ಬೇರೆಯವರ ಪಾಲು.

ನೀನೇ ಫೋನ್ ಮಾಡು. ಕಾಯ್ದೆ, ಕಲಂ ಎಂದು ಶುರು ಮಾಡಬೇಡ. “ತಪ್ಪಾಯ್ತಮ್ಮ, ಅಕ್ಕ ಬೈದಳು” ಎಂದಷ್ಟೇ ಹೇಳು.

ನೀನು ತಿದ್ದಿದ್ದು ಸರಿಯೇ ಇರಬಹುದು. ಆದರೆ ಸೋಮವಾರ ನೀನು ಅಲ್ಲಿ ಕೆಲಸಕ್ಕೆ ಸೇರಬೇಕು. ಕಾನೂನು ಓದಿದವರೆಲ್ಲ ಆ ಊರಿಗೇ ಮುಗಿಬಿದ್ದು, ಕಚೇರಿಯ ಹತ್ತಿರ ಬೇರೊಂದು ಕೋಣೆ ಉಳಿದಿಲ್ಲ. ಇಲ್ಲೇ ಇದ್ದುಬಿಡುತ್ತೇನೆ ಎನ್ನಬೇಡ. ನಮ್ಮೂರ ಕೋರ್ಟಿನಲ್ಲಿ ಕಕ್ಷಿದಾರರಿಗಿಂತ ಕರಿಕೋಟುಗಳೇ ಹೆಚ್ಚು.

ಹಾಲು ಕಾಯಿಸಿಟ್ಟಿದ್ದೇನೆ. ನಾನು ಕೆಲಸಕ್ಕೆ ಹೊರಟೆ; ನಮ್ಮ ಪ್ರಯೋಗಾಲಯದೊಳಗೆ ಫೋನ್ ಬಿಡುವುದಿಲ್ಲ, ಸಂಜೆಯವರೆಗೆ ನಾನು ಸಿಗುವುದಿಲ್ಲ. ಏನಾಯಿತೋ ಎಂಬ ಯೋಚನೆಯಲ್ಲೇ ದಿನ ತಳ್ಳಬೇಕು.

ಸಮುದ್ರದ ಗಾಳಿಗೆ ಉಬ್ಬಸ ಹೆಚ್ಚೀತೆಂದು ನೀನು ಒಳಗೊಳಗೇ ಹೆದರಿದ್ದೀಯ, ನನಗೆ ಗೊತ್ತು. ಕೋಣೆಯ ತೇವಾಂಶ ಶೇಕಡ ಅರವತ್ತು ದಾಟಬಾರದೆಂದು ಡಾಕ್ಟರು ಹೇಳಿದ್ದರಲ್ಲ. ಹೋದ ಭಾನುವಾರ ಕೋಣೆ ನೋಡಲು ಹೋದಾಗ ಪ್ರಯೋಗಾಲಯದ ತೇವಾಂಶ ಮಾಪಕ ಒಯ್ದಿದ್ದೆ. ಕಿಟಕಿ ತೆರೆದಿಟ್ಟು, ಸಂಜೆಯ ತನಕ ಅಲ್ಲೇ ಕೂತು ನೋಡಿದೆ. ಅತಿ ಹೆಚ್ಚೆಂದರೆ ಶೇಕಡ ಐವತ್ತೆಂಟು.