ಯಾವ ದಾರಿಯಿಂದ ಗುಡ್ಡಕ್ಕೆ

ಮಾರ್ಚ್ 3, ಸೋಮವಾರ. ಸಂಜೆ ಏಳು

ನಮ್ಮ ಮಠದ ಸ್ವಾಮಿಗಳು, ಬುದ್ಧಿಯವರನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾಯಿತು. ಬರುವಾಗ ಮೂಡಿಗೆರೆಯಲ್ಲಿ ಹುರಿದ ಕಡಲೆಕಾಯಿ ತೆಗೆದುಕೊಂಡೆ. ಹಿಂದಿನ ಸೀಟಿನಲ್ಲಿ ಕೂತು ಬಣಕಲ್ ಬರುವವರೆಗೆ ಬಿಡಿಸಿ ತಿಂದರು. ಸಿಪ್ಪೆ ಕವರಿಗೆ ಹಾಕಿ, ಮಠದ ಗೇಟಿನ ಹತ್ತಿರ ನನ್ನ ಕೈಗೆ ಕೊಟ್ಟರು. ಸ್ವಾಮಿಗಳು ದಾರಿಯಲ್ಲಿ ಕಡಲೆಕಾಯಿ ತಿನ್ನುತ್ತಾರೆಂದು ಮಠದ ಹುಡುಗರಿಗೆ ಗೊತ್ತಾಗಬಾರದಂತೆ. ಎಷ್ಟೋ ವರ್ಷದಿಂದ ಕಾರು ಓಡಿಸುವುದರ ಜೊತೆ ಈ ಕೆಲಸವೂ ನನ್ನದೇ.

ಮಠದಲ್ಲಿ ಮಲ್ಲಿಕಾರ್ಜುನಪ್ಪ ಭಾವ ಕಾಯುತ್ತಿದ್ದರು. ನನ್ನ ಹೆಂಡತಿ ರೇವತಿಯ ಅಣ್ಣ. ಬಿಳಿಗಲ್ಲಿನಿಂದ ನಾಲ್ಕು ಜನರನ್ನು ಕಟ್ಟಿಕೊಂಡು ಹೂಮಳೆ ಪೂಜೆಗೆ ಕರೆಯಲು ಬಂದಿದ್ದು. ಪ್ರತಿ ಮಾರ್ಚಿನಲ್ಲೂ ಬುದ್ಧಿ ನಂದಿಗುಡ್ಡ ಹತ್ತಿ, ಕಾಫಿ ಹೂವಾಗಲು ಒಂದು ಮಳೆ ಕೊಡಪ್ಪ ಎಂದು ಪೂಜೆ ಮಾಡುತ್ತಾರೆ. ಗುಡ್ಡದ ಆ ಕಡೆ ಹುಲಿಹೊಂಡ, ಈ ಕಡೆ ಬಿಳಿಗಲ್ಲು. ಎರಡೂ ಊರು ನಮ್ಮ ಮಠದ್ದೇ. ಇಷ್ಟು ವರ್ಷ ಮೇಲಕ್ಕೆ ಗಾಡಿ ದಾರಿ ಇದ್ದದ್ದು ಹುಲಿಹೊಂಡದಿಂದ ಮಾತ್ರ. ಈ ವರ್ಷ ಬಿಳಿಗಲ್ಲಿಗೂ ಸಿಮೆಂಟ್ ರೋಡ್ ಆಗಿದೆ.

ಹೊರಡುವಾಗ ಭಾವ ಕಾರಿನ ಹತ್ತಿರ ಬಂದರು. "ಈ ಸಲ ನಮ್ ರೋಡಲ್ಲೇ ಬರ್ಬೇಕು ಮಾರಾಯ. ಗುರುಗಳ ಕಾರು ಯಾವ ಕಡೆಯಿಂದ ಹತ್ತುತ್ತೋ ಗುಡ್ಡ ಆ ಕಡೆಯವ್ರದ್ದು ಅಂತ ಆಗುತ್ತೆ."

ತಮಾಷೆ ಎಂದುಕೊಂಡು ನಕ್ಕೆ. ಭಾವ ನಗಲಿಲ್ಲ.

ಮಾರ್ಚ್ 5

ಇವತ್ತು ಹುಲಿಹೊಂಡದ ಬೊಮ್ಮಯ್ಯನವರ ಸರದಿ. ಅದೇ ಮಾತು, ದಾರಿ ಮಾತ್ರ ಬೇರೆ.

ನಂದಿಗುಡ್ಡ ಯಾರದ್ದು ಎಂದು ಮೊದಲು ಯಾರೂ ಕೇಳಿದವರಿಲ್ಲ. ಎರಡೂ ಊರಿನ ದನ ಮೇಯುತ್ತಿದ್ದವು, ಅಷ್ಟೆ. ಈಗ ಶನಿವಾರ ಭಾನುವಾರ ಬಂತೆಂದರೆ ಜೀಪಿನಲ್ಲಿ ಜನ. ಪಾರ್ಕಿಂಗ್, ಟೀ ಅಂಗಡಿ, ಫೋಟೋ. ಜಾಗ ನಮ್ಮದು ಎಂದು ಇವರು, ನಮ್ಮದು ಎಂದು ಅವರು. ಸರ್ವೆಗೆ ಅರ್ಜಿ ಹೋಗಿದೆ. ಸರ್ವೆಯವರು ಬಂದಿಲ್ಲ. ಅಷ್ಟರಲ್ಲಿ ಬಿಳಿಗಲ್ಲಿನವರು ಗುಡ್ಡದ ಮೇಲೆ ದನ ದಾಟುವ ದಾರಿಗೆ ಎರಡು ಕಲ್ಲುಕಂಬ ನೆಟ್ಟು ಸರಪಳಿ ಹಾಕಿದ್ದಾರಂತೆ. ಹುಲಿಹೊಂಡದ ದನಕ್ಕೆ ಹುಲ್ಲಿಲ್ಲ.

ಬೊಮ್ಮಯ್ಯ ಕೈಮುಗಿದು, ಬುದ್ಧಿ ಒಂದು ಮಾತು ಹೇಳಬೇಕು, ಹೇಳಿದರೆ ಎರಡೂ ಊರು ಕೇಳುತ್ತವೆ ಎಂದರು. ಜಮೀನಿನ ವಿಷಯ ಮಠಕ್ಕೆ ಬೇಡ ಎಂದರು ಬುದ್ಧಿ. ಗುಡ್ಡ ನಮ್ಮದೆಂದು ಹೇಳಿ ಎಂದ ಭಾವನಿಗೂ ಮೊನ್ನೆ ಅದೇ ಉತ್ತರ.

ಸರಿ ಎನಿಸಿತು. ಕಾವಿ ಉಟ್ಟವರಿಗೆ ಗಡಿ ಜಗಳ ಯಾಕೆ...

ಮಾರ್ಚ್ 9, ಭಾನುವಾರ

ಬಿಳಿಗಲ್ಲಿಗೆ ಹೋಗಿದ್ದೆ. ತಿಂಗಳಿಗೊಂದು ಭಾನುವಾರ ರಜೆ, ಅದು ಅತ್ತೆಯ ಮನೆಗೆ. ಅಕ್ಕಿರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ. ಪಲ್ಯ ವಿಪರೀತ ಖಾರ.

"ರೇವತಿ ಆಗಿದ್ರೆ ಇಷ್ಟು ಖಾರ ಹಾಕ್ತಿರ್ಲಿಲ್ಲ," ಎಂದರು ಅತ್ತೆ.

"ಹಾಕ್ತಿದ್ಲು ಅತ್ತೆ. ಹಾಕಿಲ್ಲ ಅಂತ ನಿಮ್ಹತ್ರ ಸುಳ್ಳು ಹೇಳ್ತಿದ್ಲು."

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ.

ರೇವತಿ ತೀರಿಕೊಂಡಿದ್ದು ಹೋದ ಆಷಾಢದಲ್ಲಿ. ಮಠದಲ್ಲಿ ಯಾರೂ ಅವಳ ಹೆಸರು ಎತ್ತುವುದಿಲ್ಲ. ನನಗೆ ನೋವಾಗುತ್ತದೆ ಎಂದು. ಈ ಮನೆಯಲ್ಲಿ ಉಪ್ಪಿನಕಾಯಿಗೂ ಮಜ್ಜಿಗೆಗೂ ನಡುವೆ ಅವಳ ಹೆಸರು ಬಂದು ಹೋಗುತ್ತದೆ. ಅದಕ್ಕೇ ನಾನು ಹೋಗುವುದು. ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ.

ಊಟವಾದ ಮೇಲೆ ಹಿತ್ತಿಲಿನಿಂದ ಗುಡ್ಡ ಹತ್ತಿ ನೋಡಿದೆ. ಸರಪಳಿ ಇರುವುದು ನಿಜ. ಬೀಗವೂ ಇದೆ. ಆಚೆ ಕಡೆ ಏಳೆಂಟು ದನ ಈಚೆಯ ಹುಲ್ಲು ನೋಡುತ್ತಾ ನಿಂತಿದ್ದವು.

ಹೊರಡುವಾಗ ಭಾವ ಅಂಗಳದವರೆಗೂ ಬಂದರು. ದನಿ ಏರಿಸಲಿಲ್ಲ. "ನೀನು ಈ ಮನೆ ಅಳಿಯ. ಸ್ಟೇರಿಂಗ್ ನಿನ್ ಕೈಲಿದೆ. ಅಷ್ಟೂ ಮಾಡಕ್ಕಾಗಲ್ಲ ಅಂದ್ರೆ ಇನ್ನು ಈ ಬಾಗ್ಲಿಗೆ ಯಾಕೆ ಬರ್ತೀಯ?"

ಅತ್ತೆ ಒಳಗಿದ್ದರು. ಕೇಳಿಸಿತೋ ಇಲ್ಲವೋ.

ಮಾರ್ಚ್ 14

ಸಂಸೆಯಲ್ಲಿ ಗೃಹಪ್ರವೇಶ. ಬೆಳಿಗ್ಗೆ ಬೇಗ ಹೊರಟೆವು. ಕೊಟ್ಟಿಗೆಹಾರ ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ — ಇಪ್ಪತ್ತನಾಲ್ಕರ ಪೂಜೆಗೆ ಗುಡ್ಡಕ್ಕೆ ಯಾವ ದಾರಿ?

ಬುದ್ಧಿ ಕಣ್ಣು ಮುಚ್ಚಿಕೊಂಡೇ ಹೇಳಿದರು. "ನಿಂಗೆ ಅನುಕೂಲ ಕಂಡಂಗೆ ಮಾಡು ಏಕಾಂತಪ್ಪ. ನಾನು ಯಾರ ಪರಾನೂ ಅಲ್ಲ."

ಕಾರಿನಲ್ಲಿ ನಾನು ಮಾತಾಡುವುದೇ ಕಡಿಮೆ. ಇವತ್ತು ಬಾಯಿಂದ ಬಂದೇ ಬಿಟ್ಟಿತು.

"ನೀವು ಯಾರ ಪರಾನೂ ಅಲ್ಲ ಅಂದ್ರೂ ಕಾರು ಒಬ್ರ ಪರ ಆಗೇ ಆಗುತ್ತೆ ಬುದ್ಧಿ. ಗುರುಗಳು ಏನೂ ಹೇಳ್ಲಿಲ್ಲ, ಡ್ರೈವರ್ ಮಾಡಿದ್ದು ಅಂತಾರೆ ಆಮೇಲೆ. ಕಾರು ನಾನು ಓಡಿಸ್ತೀನಿ. ದಾರಿ ನೀವು ಹೇಳ್ಬೇಕು."

ಕಳಸ ಬಂದರೂ ಕಡಲೆಕಾಯಿ ಪೊಟ್ಟಣ ಸೀಟಿನ ಮೇಲೆ ಹಾಗೇ ಇತ್ತು. ಕೆಲಸ ಹೋಯಿತು ಎಂದುಕೊಂಡೆ.

ವಾಪಸ್ ಬರುವಾಗ ಅವರೇ ಕೇಳಿದರು. ಬೊಮ್ಮಯ್ಯ ಹೇಳಿದ ಸರಪಳಿ ನಿಜವೋ, ಸುಮ್ಮನೆ ದೂರೋ ಎಂದು. ಗೊತ್ತಿಲ್ಲ ಎನ್ನಬಹುದಿತ್ತು.

"ನಿಜ ಬುದ್ಧಿ. ಬೀಗಾನೂ ಹಾಕಿದಾರೆ. ನಮ್ ಭಾವನೇ ಮುಂದೆ ನಿಂತು ಹಾಕ್ಸಿದ್ದು."

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಕೈ ಮುಂದೆ ಬಂತು. ಬಿಡಿಸಿದ ಕಡಲೆಬೀಜ. ಇಷ್ಟು ವರ್ಷದಲ್ಲಿ ಇದೇ ಮೊದಲು. ಒಂದು ಕೈಯಲ್ಲಿ ತೆಗೆದುಕೊಂಡು ತಿಂದೆ.

ಮಾರ್ಚ್ 16, ಭಾನುವಾರ

ಎರಡೂ ಊರಿನವರನ್ನು ಮಠಕ್ಕೆ ಕರೆಸಿದ್ದರು. ಬೇರೆ ಬೇರೆ ಜಮಖಾನದ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಬುದ್ಧಿ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

"ಗುಡ್ಡ ಯಾರದ್ದು ಅಂತ ನಾನು ಹೇಳಲ್ಲ. ನಂಗೆ ಗೊತ್ತಿಲ್ಲ. ಗೊತ್ತಿದ್ರೂ ಅದು ನನ್ನ ಕೆಲಸ ಅಲ್ಲ, ಅಳೆಯೋರು ಅಳೀಲಿ. ನಾನು ಒಂದ್ ಊರಿಗೆ ಬರ್ಕೊಟ್ರೆ ಇನ್ನೊಂದ್ ಊರು ಯಾವ ಮಠಕ್ಕೆ ಹೋಗ್ಬೇಕು? ಆದ್ರೆ ಅಳತೆಗೆ ಮುಂಚೆ ಬೀಗ ಹಾಕಿ ದನದ ಹೊಟ್ಟೆ ಮೇಲೆ ಹೊಡೆದ್ರಲ್ಲ, ಅದು ತಪ್ಪು. ಅದನ್ನೂ ಹೇಳದೆ ಕೂತ್ರೆ ನಾನು ಇಲ್ಲಿ ಕೂರೋದೇ ದಂಡ. ಬೀಗ ಇರೋವರೆಗೂ ಬಿಳಿಗಲ್ಲಿನ ರೋಡಿಗೆ ನನ್ನ ಕಾರು ಬರಲ್ಲ."

ಹುಲಿಹೊಂಡದವರ ಮುಖ ಅರಳಿತು. ಬುದ್ಧಿ ಅವರ ಕಡೆ ತಿರುಗಿ, ಗುಡ್ಡ ನಮ್ಮದಾಯಿತು ಎಂದು ಎಲ್ಲಾದರೂ ಬ್ಯಾನರ್ ಕಂಡರೆ ಅರ್ಧ ದಾರಿಯಿಂದಲೇ ವಾಪಸ್ ಎಂದರು. ಬೊಮ್ಮಯ್ಯ ಪಕ್ಕದವನ ಮುಖ ನೋಡಿದರು. ಪ್ರಿಂಟಿಗೆ ಕೊಟ್ಟಾಗಿತ್ತೋ ಏನೋ.

ಭಾವ ಎದ್ದು ನಿಂತು, ಸ್ವಾಮಿಗಳು ಪೂಜೆ ಮಾಡಲಿ, ಆಶೀರ್ವಾದ ಮಾಡಲಿ, ಊರಿನ ಜಗಳದಲ್ಲಿ ತಲೆ ಹಾಕುವುದು ಬೇಡ ಎಂದರು.

"ಎರಡು ವಾರದ ಹಿಂದೆ ತಲೆ ಹಾಕಿ ಅಂತ ಬಂದಿದ್ದು ನೀನೇ ಅಲ್ವಾ?" ಎಂದರು ಬುದ್ಧಿ. ಎರಡೂ ಜಮಖಾನದವರು ನಕ್ಕರು.

ಭಾವ ನನ್ನ ಪಕ್ಕದಲ್ಲೇ ಹಾದು ಹೋದರು. "ಹೇಳ್ದೋರು ಯಾರು ಅಂತ ಗೊತ್ತು." ಅಷ್ಟೇ. ನಾನಲ್ಲ ಎನ್ನಲಿಲ್ಲ.

ಮಾರ್ಚ್ 20

ಅತ್ತೆಗೆ ಫೋನ್ ಮಾಡಿದೆ. ಭಾವ ಎತ್ತಿ ಕಟ್ ಮಾಡಿದರು. ಮತ್ತೆ ಮಾಡಲಿಲ್ಲ.

ಬುದ್ಧಿ ಏನೂ ಹೇಳದೇ ಇದ್ದಿದ್ದರೆ ನನ್ನ ಭಾನುವಾರ ನನಗೆ ಉಳಿಯುತ್ತಿತ್ತು. ಹೌದು. ಆದರೆ ಆ ದನಗಳನ್ನು ನಾನು ನೋಡಿದ್ದೆನಲ್ಲ... ವಿಚಿತ್ರವೆಂದರೆ ನಿದ್ದೆ ಚೆನ್ನಾಗಿ ಬರುತ್ತಿದೆ. ಆಷಾಢದ ನಂತರ ಹೀಗೆ ಮಲಗಿದ್ದು ಈ ವಾರವೇ.

ಕಾಫಿ ಮೊಗ್ಗು ಭತ್ತದ ಕಾಳಿನ ಹಾಗೆ ಬಲಿತು ನಿಂತಿದೆ. ಮಳೆ ಇಲ್ಲ.

ಮಾರ್ಚ್ 22, ಶನಿವಾರ. ಸಂಜೆ ಐದು

ಗೊತ್ತಿಲ್ಲದ ನಂಬರಿನಿಂದ ಫೋನ್. ಅತ್ತೆ. ಪಕ್ಕದ ಮನೆಯವರದ್ದಂತೆ.

"ಅಳಿಯಂದ್ರೇ, ಬೀಗ ತೆಗ್ಸಿದೀನಿ. ಕೀ ನನ್ ಸೊಂಟದಲ್ಲಿದೆ."

ತುಂಬಿದ ಮಠದಲ್ಲಿ ಗುರುಗಳು ನಮ್ಮೂರಿನ ತಪ್ಪು ಎಂದರಂತೆ, ಈ ವಯಸ್ಸಿನಲ್ಲಿ ಅದನ್ನೂ ಕೇಳಬೇಕಾಯಿತು ಎಂದು ಮೊದಲು ನನ್ನನ್ನೇ ಬೈದರು. ಆಮೇಲೆ ಕಥೆ. ಬೆಳಿಗ್ಗೆ ಕೋಲು ಹಿಡಿದು ಒಬ್ಬರೇ ಗುಡ್ಡ ಹತ್ತಿ ಕಂಬಕ್ಕೆ ಒರಗಿ ಕೂತರಂತೆ. ಮಗ ಬಂದು ಕರೆದರೂ ಏಳಲಿಲ್ಲ. ಬಿಸಿಲು ಏರಿತು. ನೋಡಲು ಬಂದ ಜೀಪಿನವರು ಅಜ್ಜಿಯ ಫೋಟೋ ಹೊಡೆಯಲು ಶುರು ಮಾಡಿದ ಮೇಲೆ ಭಾವ ಬೀಗ ತೆಗೆದರಂತೆ.

"ಸರಪಳಿ ಬಿಚ್ಚಿ ಹುಲ್ಲಲ್ಲಿ ಹಾಕಿದಾನೆ. ಕಂಬ ಕೀಳಕ್ಕೆ ಮಾತ್ರ ಒಪ್ಪಿಲ್ಲ. ಇರ್ಲಿ ಬಿಡಿ, ದನಕ್ಕೆ ಮೈ ತಿಕ್ಕೊಳಕ್ಕಾಯ್ತು."

ಭಾವ ಹೇಗಿದ್ದಾರೆ ಎಂದೆ.

"ಮಾತಿಲ್ಲ. ಊಟಕ್ಕೇನೂ ಕಮ್ಮಿ ಮಾಡಿಲ್ಲ."

ಮಾರ್ಚ್ 23, ಭಾನುವಾರ. ಸಂಜೆ ಆರೂವರೆ

ಬುದ್ಧಿಗೆ ಬೀಗದ ವಿಷಯ ನಿನ್ನೆಯೇ ಹೇಳಿದ್ದೆ. ಇವತ್ತು ದಾರಿ ಹೇಳಿದರು. ಹತ್ತುವುದು ಹುಲಿಹೊಂಡದಿಂದ, ಇಳಿಯುವುದು ಬಿಳಿಗಲ್ಲಿಗೆ. ಬರುವ ವರ್ಷ ತಿರುಗಾಮುರುಗಾ. ಎರಡೂ ಊರಿಗೆ ನಾನು ಫೋನ್ ಮಾಡಲು ಹೋದರೆ ತಡೆದರು. "ನೀನ್ ಬೇಡ. ಬೈಯೋದಿದ್ರೆ ನಂಗೇ ಬೈಲಿ." ಅವರೇ ಮಾಡಿದರು. ಬೊಮ್ಮಯ್ಯನವರ ಜೊತೆ ಸುಮಾರು ಹೊತ್ತು ಮಾತಾಯಿತು. ಅವರಿಗೂ ಪೂರ್ತಿ ಸಮಾಧಾನವಿಲ್ಲ. ಭಾವ ಹೂಂ ಎಂದು ಇಟ್ಟರಂತೆ.

ಕಾರು ತೊಳೆದೆ. ಬಿಳಿಗಲ್ಲಿನ ಕಡೆ ಇಳಿಜಾರು ಜಾಸ್ತಿ, ಬ್ರೇಕ್ ನೋಡಿಸಿಕೊಂಡು ಬಂದೆ. ಕಡಲೆಕಾಯಿ ತಂದಿಟ್ಟೆ, ಈ ಸಲ ಎರಡು ಪೊಟ್ಟಣ. ದೇವರಮನೆ ಬೆಟ್ಟದ ಕಡೆ ಮೋಡ ಕಾಣುತ್ತಿದೆ. ಬಂದರೆ ಬರಲಿ.

ಅತ್ತೆ ಮತ್ತೆ ಫೋನ್ ಮಾಡಿದ್ದರು. ನಮ್ಮನೆಯಲ್ಲಿ ಗುರುಗಳ ಪಾದಪೂಜೆ ಆದ ಮೇಲೆ ನೀವು ಕಾರಲ್ಲೇ ಕೂರಬೇಡಿ, ಒಳಗೆ ಬನ್ನಿ, ರೊಟ್ಟಿ ಇರುತ್ತೆ ಎಂದರು. ಖಾರ ರೇವತಿ ಲೆಕ್ಕದ್ದೇ ಅಂತೆ.

ಭಾವ ಬಾಗಿಲಲ್ಲಿ ನಿಂತಿರುತ್ತಾರೋ...

ನಾಳೆ ಇಳಿಯುವುದು ಬಿಳಿಗಲ್ಲಿನ ಕಡೆಯಿಂದ.