ಇಳಿಯುವ ಪಾಠ

ಬುಧವಾರ, ಮಾರ್ಚ್ ೧೨

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದೇ ಮುಂದಕ್ಕೆ ಹೋಗುವುದು ಕೈಗೆ ರೂಢಿ. ಈ ಸಲ ಕೈ ಒಪ್ಪಲಿಲ್ಲ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು, ತಡವಾದದ್ದಕ್ಕೆ ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ಆ ಕಡೆಯಿಂದ ನೀನು ‘ಅಕ್ಕಾ’ ಎಂದರೆ ಸಾಕು, ನನ್ನ ಬಾಯಿ ಕಟ್ಟುತ್ತದೆ. ಇಪ್ಪತ್ತಾರು ವರ್ಷ ಸೀಟಿ ಊದಿ, ಇಡೀ ಮೈದಾನಕ್ಕೆ ಕೇಳುವಂತೆ ಕಿರುಚಿದವಳಿಗೆ ಈಗ ಮಾತಿಗೆ ಬರ ಬಂದಿದೆ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಇದು ನಾಲ್ಕನೆಯದು, ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಒಂದೇ ಮಾತು. “ಅಷ್ಟು ಕಟ್ಟುನಿಟ್ಟಿನವಳು ನೀನು. ನಿನ್ನ ಮನೇಲೇ ಇದ್ದು ಬೆಳೆದ ಹುಡುಗಿ ನಿನ್ನ ಮಾತು ಮೀರಿ ಆ ಎತ್ತರದ ಪೆಟ್ಟಿಗೆ ಯಾಕೆ ಹತ್ತಿದ್ಲು ಅಕ್ಕಾ?” ಅದಕ್ಕೆ ಬರುತ್ತೇನೆ. ಮೊದಲು ನಿನ್ನ ಮಗಳ ಸುದ್ದಿ ಕೇಳು.

ಎರಡನೆಯ ಆಪರೇಷನ್ ಶುಕ್ರವಾರ ಮುಗಿಯಿತು. ಮಂಡಿಯೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ನಾರು ಪೂರ್ತಿ ಹರಿದಿತ್ತು ಎಂದು ಮೊದಲೇ ಬರೆದಿದ್ದೆ. ನಡುವಿನ ಮೆತ್ತೆಯೂ ಚೂರಾಗಿದೆಯಂತೆ, ಅದನ್ನು ಹೊಲಿಯಲು ಆಗಲಿಲ್ಲ, ಕತ್ತರಿಸಿ ತೆಗೆದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ನಡೀತಾಳೆ, ಮೆಟ್ಟಿಲು ಹತ್ತುತಾಳೆ, ಅದಕ್ಕೇನೂ ತೊಂದ್ರೆ ಇಲ್ಲ. ಹಾರೋದು ಮಾತ್ರ ಮರೆತುಬಿಡಿ” ಎಂದರು. “ಒಂದೆರಡು ವರ್ಷ ಬಿಟ್ಟು?” ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಮೇಡಂ, ನಿಮಗೆ ನಾನು ಹೇಳಬೇಕಾ?” ಎಂದರು. ನನಗೆ ಗೊತ್ತಿತ್ತು, ಆದರೂ ಕೇಳಿದೆ. ಹದಿನೇಳು ವರ್ಷದ ಮಗುವಿನ ವಿಷಯದಲ್ಲಿ ಯಾರಾದರೂ ಕೇಳದೆ ಇರುತ್ತಾರೆಯೇ?

ಮಿಡತೆ ಮಾತ್ರ ಏನೂ ಕೇಳಲಿಲ್ಲ. ಆ ಹೆಸರಿಟ್ಟವಳು ನೀನೇ, ಈಗ ಹಾಗೆ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಐದು ವಾರದಲ್ಲಿ ಅವಳ ಬಲಗಾಲಿನ ತೊಡೆ ಸೊರಗಿ, ಎಡಗಾಲು ಬೇರೆ ಯಾರದೋ ಎನ್ನುವಂತಾಗಿದೆ. ಊಟ ಕೊಟ್ಟರೆ ತಿನ್ನುತ್ತಾಳೆ, ನರ್ಸಮ್ಮನಿಗೆ ಥ್ಯಾಂಕ್ಸ್ ಹೇಳುತ್ತಾಳೆ. ನೀನು ಅವಳಿಗೆ ಬರೆದ ಕಾಗದ ದಿಂಬಿನ ಕೆಳಗಿದೆ. ‘ಹಿರಿಯರ ಮಾತು ಕೇಳದವರಿಗೆ ಹೀಗೇ ಆಗೋದು’ ಎಂಬ ಸಾಲನ್ನು ನಾನೂ ಓದಿದೆ. ಅದಾದ ಮೇಲೆ ನೀನು ಅವಳಿಗೆ ಫೋನ್ ಮಾಡಿಲ್ಲವಂತೆ. ದಿನಾ ಸಂಜೆ ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿರುತ್ತಾಳೆ.

ನಾನು ಏನು ಕಲಿಸುತ್ತಿದ್ದೆ ಎಂಬುದನ್ನು ನಿನಗೆ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ಪ್ಲೈಯೊಮೆಟ್ರಿಕ್ಸ್ ಅಂತ. ಹೆಸರು ಹೇಳುವಷ್ಟರಲ್ಲೇ ನಾಲಿಗೆಗೆ ಒಂದು ಸುತ್ತು ವ್ಯಾಯಾಮವಾಗುತ್ತದೆ. ಕಾಲಿನ ಸ್ನಾಯುವೂ ನಾರೂ ರಬ್ಬರಿನ ಹಾಗೆ. ಪಾದ ನೆಲಕ್ಕೆ ತಾಗಿದ ಕ್ಷಣ ಹಿಗ್ಗುತ್ತವೆ. ಆ ಹಿಗ್ಗು ಆರುವ ಮೊದಲೇ ಮೇಲಕ್ಕೆ ಚಿಮ್ಮಿದರೆ ಒಳಗೆ ಕೂಡಿಟ್ಟ ಬಲ ವಾಪಸು ಸಿಗುತ್ತದೆ. ತಡ ಮಾಡಿದರೆ ಅದು ಬಿಸಿಯಾಗಿ ಕಳೆದುಹೋಗುತ್ತದೆ. ಮರದ ಪೆಟ್ಟಿಗೆಯ ಮೇಲೆ ನಿಂತು, ಅದರಿಂದ ಕೆಳಕ್ಕೆ ಹೆಜ್ಜೆಯಿಟ್ಟು, ನೆಲ ತಾಗಿದೊಡನೆ ಮೇಲೆ ಹಾರುವುದು ಇದರಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು. ಆಗ ಮೈಭಾರದ ಎಷ್ಟೋ ಪಟ್ಟು ಕಾಲಿನ ಮೇಲೆ ಬೀಳುತ್ತದೆ.

ಹಾಗಾಗಿ ಮೊದಲ ಆರು ವಾರ ನಾನು ಯಾರನ್ನೂ ಹಾರಿಸುವುದಿಲ್ಲ, ಬರೀ ಇಳಿಸುತ್ತೇನೆ. ಮಿಡತೆ ಮನೆಗೆ ಬಂದ ಮೇಲೆ ಮುಖ ಊದಿಸಿಕೊಂಡು, “ಹಾರೋಕೆ ಬಂದವಳಿಗೆ ಕುಕ್ಕರಗಾಲಲ್ಲಿ ಕೂರೋದು ಕಲಿಸ್ತೀಯಲ್ಲ ದೊಡ್ಡಮ್ಮ!” ಎನ್ನುತ್ತಿದ್ದಳು. “ಇಳಿಯೋಕೆ ಬಾರದವರು ಹತ್ತಬಾರದು ಕಣೇ” ಎನ್ನುತ್ತಿದ್ದೆ. ಸಿಮೆಂಟಿನ ಮೇಲೆ ಒಂದು ದಿನವೂ ಇಳಿಸಲಿಲ್ಲ, ಮರದ ನೆಲದ ಮೇಲೆ ರಬ್ಬರ್ ಚಾಪೆ ಹಾಸಿಸಿದ್ದೆ. ದಿನಕ್ಕೆ ಎಂಬತ್ತು ಸಲ ಪಾದ ನೆಲಕ್ಕೆ ತಾಗಿದರೆ ಮುಗಿಯಿತು, ಎಂಬತ್ತೊಂದಿಲ್ಲ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನ ಪೂರ್ತಿ ಬಿಡುವು. ಪೆಟ್ಟಿಗೆ ಅವರವರ ಮಂಡಿಯ ಎತ್ತರ ದಾಟುವಂತಿಲ್ಲ. “ಔಷಧಿ ಅಂಗಡಿಯವರ ಹಾಗೆ ಹಾರೋದನ್ನೂ ಗುಳಿಗೆ ಲೆಕ್ಕದಲ್ಲಿ ಕೊಡ್ತೀಯಲ್ಲೇ” ಎಂದು ನಿಮ್ಮ ಭಾವ ಗೇಲಿ ಮಾಡುತ್ತಿದ್ದರು. ಮಾಡಲಿ. ದಣಿದವರ ಮಂಡಿ ಇಳಿಯುವಾಗ ಒಳಕ್ಕೆ ವಾಲುತ್ತದೆ. ವಾಲಿದ ಮಂಡಿಯ ಮೇಲೆ ಭಾರ ಬಿದ್ದರೆ ಒಳಗಿನ ನಾರು ತಡೆಯುವುದಿಲ್ಲ. ಅದಕ್ಕೇ ದಣಿದವರನ್ನು ಹಾರಿಸಬಾರದು. ನನ್ನ ಇಡೀ ವಿದ್ಯೆ ಇಷ್ಟೇ ತಂಗಿ, ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದು.

ಶಾಲೆಯ ವರದಿಯಲ್ಲಿರುವುದು ನಿನಗೆ ಗೊತ್ತೇ ಇದೆ. ಕ್ರೀಡಾ ವಸತಿ ಶಾಲೆಯ ಆಯ್ಕೆಗೆ ಎರಡು ದಿನವಿತ್ತು, ತರಬೇತುದಾರರು ವ್ಯಾಯಾಮದ ಹಾಲ್‌ನಲ್ಲಿ ಇರಲಿಲ್ಲ, ವಿದ್ಯಾರ್ಥಿನಿ ತಾನಾಗಿಯೇ ದೊಡ್ಡವರ ಪೆಟ್ಟಿಗೆ ಎಳೆದುಕೊಂಡು ಹಾರಿದಳು, ಮೂರು ಸಾಲು. ಹೆಡ್‌ಮಾಸ್ಟರು ನನ್ನನ್ನು ಕೂರಿಸಿ, “ನಿಮ್ಮದೇನೂ ತಪ್ಪಿಲ್ಲ ಮೇಡಂ, ಮನಸ್ಸಿಗೆ ಹಚ್ಕೋಬೇಡಿ” ಎಂದರು. ‘ಶಿಕ್ಷಕರ ಅನುಮತಿಯಿಲ್ಲದೆ ಹಾರಬಾರದು’ ಎಂದು ಹಾಲ್‌ನ ಬಾಗಿಲಿಗೆ ಬೋರ್ಡ್ ಹಾಕಿಸಿದ್ದಾರೆ. ಉಳಿದ ಮಕ್ಕಳು ಅದನ್ನು ಓದಿ, ಮಿಡತೆಯ ಹೆಸರು ಹಿಡಿದು ಪಿಸುಗುಡುತ್ತಾರೆ. ಇನ್ನೂ ಕೇಳು. ಬರುವ ತಿಂಗಳು ಸುತ್ತಮುತ್ತಲ ಶಾಲೆಗಳ ತರಬೇತುದಾರರಿಗೆಲ್ಲ ‘ಸುರಕ್ಷಿತ ಜಿಗಿತ’ದ ಬಗ್ಗೆ ಪಾಠ ಮಾಡಬೇಕಂತೆ, ಅದೂ ನಾನೇ. ಒಪ್ಪಿಕೊಂಡು ಬಂದೆ. ಬೇಡ ಎನ್ನಲು ಒಂದು ಕಾರಣ ಹೇಳಬೇಕಲ್ಲ.

ಯಾಕೆ ಹತ್ತಿದಳು ಎಂದು ನೀನು ಕೇಳಿದ್ದೆ. ‘ವಯಸ್ಸೇ ಹಾಗೆ, ಬಿಸಿರಕ್ತ’ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಟು ಕಾಣುತ್ತಿರಬಹುದು. ಅವಳು ಇನ್ನು ಏನಾಗುತ್ತಾಳೋ ನನಗೆ ತಿಳಿಯದು. ‘ಎಲ್ಲ ಒಳ್ಳೆಯದಾಗುತ್ತದೆ’ ಎಂದು ಬರೆದರೆ ನೀನು ನಂಬುತ್ತೀಯ, ಅದಕ್ಕೇ ಬರೆಯುವುದಿಲ್ಲ. ನಿನ್ನೆ ನಡೆಯುವ ಅಭ್ಯಾಸ ಮಾಡಿಸಲು ಬಂದಾಕೆ ಒಂದು ಅಂಗೈ ಎತ್ತರದ ಮರದ ಹಲಗೆ ಇಟ್ಟು, “ಇದರ ಮೇಲಿಂದ ನಿಧಾನಕ್ಕೆ ಕೆಳಗೆ ಕಾಲಿಡು ಪುಟ್ಟಾ” ಎಂದಳು. ಮಿಡತೆ ಎರಡು ಕೈಯಲ್ಲೂ ಗೋಡೆ ಹಿಡಿದುಕೊಂಡಳು, ಕಾಲು ಕೆಳಗಿಡಲಿಲ್ಲ. ನಾನು ಹೊರಗೆ ಬಂದು ಈ ಬೆಂಚಿನ ಮೇಲೆ ಕೂತೆ.

ಮನೆಯವರನ್ನು ಕೇಳಿದೆನೆಂದು ಹೇಳು. ಸಣ್ಣವನು ಪರೀಕ್ಷೆಗೆ ಓದಲಿ, ಅವನನ್ನು ಬೈಯಬೇಡ. ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಕ್ಕಳು ನೂರು ಕಾಲ ಬಾಳಲಿ. ನನ್ನ ಹರಕೆಗೆ ಈಗ ಎಷ್ಟು ಬೆಲೆಯಿದೆಯೋ ಕಾಣೆ, ಆದರೂ ಹರಸುತ್ತೇನೆ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ತಂಗಿ. ಕಾಗದವನ್ನು ಲಕೋಟೆಗೆ ಹಾಕಿ ಮತ್ತೆ ತೆಗೆದೆ.

ಅವಳು ನನ್ನ ಮಾತು ಮೀರಲಿಲ್ಲ. ಶನಿವಾರ ಬರಬೇಕಿದ್ದ ಆಯ್ಕೆಗಾರರು ಗುರುವಾರವೇ ನನಗೆ ಫೋನ್ ಮಾಡಿ, ಒಂದು ಗಂಟೆಯಲ್ಲಿ ಬರುತ್ತೇವೆ ಎಂದರು. ಬುಧವಾರವಷ್ಟೇ ಅವಳು ಎಂಬತ್ತು ಮುಗಿಸಿದ್ದಳು. ಅವರೆದುರು ಹಾರಿಸುವ ಮೊದಲು ನಾನೇ ನೋಡಬೇಕೆನಿಸಿ, ಬೀರುವಿನ ಹಿಂದಿದ್ದ ಎತ್ತರದ ಪೆಟ್ಟಿಗೆಯನ್ನು ಈ ಕೈಗಳಿಂದಲೇ ಎಳೆದು ತಂದೆ. “ಮೇಡಂ, ಇವತ್ತು ರೆಸ್ಟ್ ಅಲ್ವಾ?” ಎಂದಳು. “ರೆಸ್ಟ್ ನಾಳೆ ಮಾಡುವೆಯಂತೆ” ಎಂದೆ. ಎಂಟನೆಯ ಸಲ ಮಂಡಿ ಒಳಕ್ಕೆ ವಾಲಿತು, ನೋಡಿದೆ. ನನಗಲ್ಲದೆ ಇನ್ಯಾರಿಗೆ ಅದು ಕಾಣಬೇಕು? “ದೊಡ್ಡಮ್ಮ, ಸಾಕು” ಎಂದಳು. ಹಾಲ್‌ನಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. “ಇನ್ನೊಂದು, ಒಂದೇ ಒಂದು” ಎಂದೆ. ಬೇಲಿಯೇ ಎದ್ದು ಹೊಲ ಮೇಯಿತು.

ಈ ಕಾಗದ ಮುಗಿಸಿದ ಕೂಡಲೇ ಅವಳಿಗೆ ಫೋನ್ ಮಾಡು. ನನಗೆ ಮಾಡಬೇಡ. ಹೆಡ್‌ಮಾಸ್ಟರಿಗೆ ಇನ್ನೂ ಹೇಳಿಲ್ಲ, ಹೇಳುತ್ತೇನೆಂಬ ಧೈರ್ಯ ನನಗೇ ಇಲ್ಲ. ನೀನೇ ಹೇಳಿದರೆ ತಡೆಯುವುದಿಲ್ಲ.

ಆಂಬುಲೆನ್ಸಿನಲ್ಲಿ ಅವಳು ನನ್ನ ಬೆರಳು ಹಿಡಿದುಕೊಂಡು, “ನಾನೇ ಹತ್ತಿದೆ ಅಂತೀನಿ ದೊಡ್ಡಮ್ಮ, ಇಲ್ದಿದ್ರೆ ನಿನ್ನನ್ನ ಕೆಲಸದಿಂದ ತೆಗೀತಾರೆ” ಎಂದಳು. ನೋವಿಗೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಅವಳ ತಲೆ ಸವರಿ, “ಸರಿ ಮಗಳೇ” ಎಂದೆ.