ಮೃಗದ ಮುಂದೆ ನಡೆದ ಮುದುಕಿ

ಒಂಟಿಕೊಪ್ಪಲ್, ಮೈಸೂರು
ಭಾನುವಾರ, 9-3-1958

ಪ್ರೀತಿಯ ತಮ್ಮ ಮರಿಸ್ವಾಮಿಗೆ,

ನಿನ್ನ ಅಣ್ಣ ಶಿವಮಲ್ಲಪ್ಪನ ಆಶೀರ್ವಾದ. ಆರೋಗ್ಯವಾಗಿದ್ದೀಯಾ? ಮದ್ರಾಸಿನ ಬಿಸಿಲಿಗೆ ನಿನ್ನ ಮೈಮೇಲೆ ಮತ್ತೆ ಬೊಕ್ಕೆ ಎದ್ದಿವೆಯೋ ಏನೋ ಎಂದು ಅಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ. ನಿನ್ನ ಅತ್ತಿಗೆ ನೀಲಮ್ಮ ಕಟ್ಟಿಕೊಟ್ಟ ಲಾವಂಚವನ್ನು ಕುಡಿಯುವ ನೀರಿಗೆ ಹಾಕುತ್ತಿದ್ದೀಯೋ ಅಥವಾ ಗಂಟು ಬಿಚ್ಚೇ ಇಲ್ಲವೋ? ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಈಗ ಪರವಾಗಿಲ್ಲ. ಹೊಲಿಗೆ ಮಿಷನ್ನಿನ ಬೆಲ್ಟು ಕಿತ್ತುಹೋಗಿತ್ತು, ಹೊಸದು ಹಾಕಿಸಿದ್ದೇನೆ. ಕ್ಷೇಮ ಸಮಾಚಾರ ಇಷ್ಟು. ಇನ್ನು ಮುಂದಿನದನ್ನು ನಿಂತು ಓದಬೇಡ, ಕೂತು ಓದು.

ಆ ಮೃಗದ ಕಥೆಯನ್ನು ಮೊದಲು ಹೇಳಿದವನು ನೀನು. ಹೋದ ದಸರಾದಲ್ಲಿ, ಜಂಬೂಸವಾರಿಯ ಮರುದಿನ ಸಾಯಂಕಾಲ, ನನ್ನ ಹೊಲಿಗೆ ಅಂಗಡಿಯ ಜಗಲಿಯ ಮೇಲೆ ಕೂತು ಹೇಳಿದೆ. ಇಲವಾಲದಿಂದ ಹಾಲು ತರುವ ಕೃಷ್ಣಪ್ಪ, ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವ ಪೌಲರಾಜ್, ಕಾಲೇಜಿನ ಸುಂದರೇಶ, ಇಷ್ಟು ಜನ ಕೂತಿದ್ದರು. ಅಮ್ಮ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಬೆಟ್ಟದಷ್ಟು ದೊಡ್ಡ ಮೃಗದ ಇಂಗ್ಲಿಷ್ ಸಿನಿಮಾ ಬರಲಿದೆ, ಇಲ್ಲಿಗೆ ಬರುವುದು ಇನ್ನೂ ತಡ, ನಾನು ಮದ್ರಾಸಿನ ಸ್ಟುಡಿಯೋದಲ್ಲಿ ಬಡಗಿಯಾದ್ದರಿಂದ ಅಲ್ಲಿನ ದೊಡ್ಡವರ ಜೊತೆ ಕೂತು ಆಗಲೇ ನೋಡಿಬಿಟ್ಟೆ ಎಂದು ನೀನು ಅಂದೆ. ಸಮುದ್ರದಿಂದ ಎದ್ದ ಮೃಗ ದಾರಿ ತಪ್ಪಿ ಪಟ್ಟಣಕ್ಕೆ ಬರುತ್ತದೆ. ಜನವೆಲ್ಲ ಓಡುತ್ತಾರೆ. ಬೀದಿಯಲ್ಲಿ ಮೊರ ಹಿಡಿದು ಕೂತ ಒಬ್ಬ ಮುದುಕಿ ಮಾತ್ರ ಓಡುವುದಿಲ್ಲ. ಅದರ ಕಣ್ಣು ನೋಡಿ ಪಾಪ ದಾರಿ ತಪ್ಪಿದೆ ಎಂದು ತಿಳಿದುಕೊಂಡು, ಲಾಟೀನು ಹಿಡಿದು ಅದರ ಮುಂದೆ ಮುಂದೆ ನಡೆದು, ಸಮುದ್ರದವರೆಗೆ ಬಿಟ್ಟು ಬರುತ್ತಾಳೆ. ನೀರಿಗಿಳಿಯುವ ಮುಂಚೆ ಅದು ಕತ್ತು ಬಗ್ಗಿಸಿ ಅವಳ ಕಾಲ ಹತ್ತಿರ ತಲೆ ಇಡುತ್ತದೆ. ಹೀಗೆ ಹೇಳಿದೆಯಲ್ಲವೇ? ಒಂದು ಮಾತೂ ನಾನು ಸೇರಿಸಿಲ್ಲ.

ನೀನು ಹೇಳುವಾಗ ಹೂಂ ಅಂದವನು ನಾನು. ನಮ್ಮ ಮನೆಯ ಪದ್ಧತಿ ನಿನಗೆ ಮರೆತಿರಲಾರದು. ಇಲವಾಲದಲ್ಲಿ ಅಪ್ಪ ಕಥೆಗೆ ಕೂತರೆ, ಹೂಂಗುಡುವವನು ಸಿಗುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಹೂಂ ಅನ್ನುವವನಿಗೆ ಕಥೆ ಮೊದಲೇ ಗೊತ್ತಿರಬೇಕು, ತಪ್ಪಿದರೆ ಅವನು ತಡೆಯಬೇಕು, ತಡೆಯದಿದ್ದರೆ ಅವನೂ ಅದಕ್ಕೆ ಹೊಣೆ. ನಾನು ಎಂಟು ವರ್ಷದವನಿದ್ದಾಗಿನಿಂದ ಅಪ್ಪನಿಗೆ ಹೂಂ ಅಂದವನು. ಅಪ್ಪ ಹೋದ ಮೇಲೆ ನೀನು ಹೇಳುವವನಾದೆ, ನಾನು ಹೂಂಗುಡುವವನಾಗಿಯೇ ಉಳಿದೆ. ಅವತ್ತು ಮಾತ್ರ ನನಗೆ ಆ ಕಥೆ ಗೊತ್ತಿರಲಿಲ್ಲ. ಆದರೂ ಹೂಂ ಅಂದೆ. ಹೇಳುತ್ತಿರುವವನು ನನ್ನ ತಮ್ಮ, ಕಣ್ಣಾರೆ ನೋಡಿದವನು, ಇನ್ನೇನು ಬೇಕು ಅಂದುಕೊಂಡೆ.

ಈ ಐದು ತಿಂಗಳು ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಇದರ ಜೊತೆಗೆ ಹಾರುವ ಮನುಷ್ಯನ ಸಿನಿಮಾ ಒಂದು ಬರುತ್ತದೆಂದು ಗೋಡೆಗೆ ಚಿತ್ರ ಅಂಟಿಸಿದರು. ಪೌಲರಾಜ್ ಹಾರುವವನ ಕಡೆ, ಕೃಷ್ಣಪ್ಪ ಮೃಗದ ಕಡೆ. ಇಬ್ಬರಿಗೂ ಕುಸ್ತಿ ಬಿದ್ದರೆ ಯಾರು ಗೆಲ್ಲುತ್ತಾರೆ ಎಂದು ದಿನವೂ ಜಗಳ. “ನಿಮ್ಮೋನು ಹಾರ್ತಾನೆ ಸರಿ ಕಣ್ರೀ, ಇಳಿಯೋಕೆ ಎಲ್ಲಿ ಜಾಗ? ನಮ್ದು ಊರೆಲ್ಲ ತುಂಬ್ಕೊಂಡು ಕೂತಿರ್ತದೆ,” ಅನ್ನುತ್ತಾನೆ ಕೃಷ್ಣಪ್ಪ. “ಅದಕ್ಕೆ ದಿನಕ್ಕೆ ಎಷ್ಟು ಗಾಡಿ ಹುಲ್ಲು ಬೇಕು ಲೆಕ್ಕ ಹಾಕಿದ್ದೀರಾ? ಎರಡು ದಿನ ಬಿಟ್ರೆ ಹಸಿದು ತಾನೇ ಬಿದ್ದೋಗುತ್ತೆ,” ಅನ್ನುತ್ತಾನೆ ಪೌಲರಾಜ್. ಹಾರುವವನು ಷರಾಯಿಯ ಮೇಲೆ ಚಡ್ಡಿ ಹಾಕಿಕೊಂಡಿದ್ದಾನಲ್ಲ, ಅದು ಅವನ ತಪ್ಪಲ್ಲ, ಅಳತೆ ತೆಗೆದುಕೊಂಡ ದರ್ಜಿಯ ತಪ್ಪು ಎಂದು ನಾನು ಹೇಳಿ ಎರಡು ಕಡೆಯವರಿಂದಲೂ ಬೈಸಿಕೊಂಡೆ. ಇಷ್ಟೆಲ್ಲ ಆದ ಮೇಲೆ ಕೊನೆಗೆ ಯಾರಾದರೊಬ್ಬರು, ಆ ಮುದುಕಿಯ ಭಾಗ ಹೇಳಪ್ಪ ಮಲ್ಲಪ್ಪ, ಅನ್ನುವರು. ನಾನು ನಿನ್ನ ಮಾತಿನಲ್ಲೇ ಹೇಳುವೆನು. ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಲ್ಲುವಳು. ಹುಟ್ಟಿದಾಗಿನಿಂದ ಟಾಕೀಸಿನ ಮೆಟ್ಟಿಲು ಹತ್ತದವಳು, “ಆ ಮುದುಕೀನ ಒಂದ್ಸಲ ನೋಡ್ಬೇಕು ಕಣೋ” ಎಂದು ಹೊರಟು ನಿಂತಳು.

ಇವತ್ತು ಮಧ್ಯಾಹ್ನದ ಆಟಕ್ಕೆ ಎಲ್ಲರೂ ಹೋದೆವು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಮೃಗ ಬಂತು. ದೊಡ್ಡದಾಗಿಯೇ ಇತ್ತು, ಅದರಲ್ಲಿ ಮೋಸವಿಲ್ಲ. ಸೇತುವೆ ಮುರಿಯಿತು, ರೈಲು ಎತ್ತಿ ಎಸೆಯಿತು. ಕೃಷ್ಣಪ್ಪ ತೊಡೆ ತಟ್ಟಿದ. ಜನ ಓಡಿದಾಗ ಅಮ್ಮ ನನ್ನ ಕೈ ಹಿಡಿದು, “ಈಗ ಬರ್ತಾಳೆ” ಅಂದಳು. ಬಂದದ್ದು ಫಿರಂಗಿಗಳು. ಮೃಗವನ್ನು ಸುತ್ತುವರಿದು ಸುಟ್ಟು ಕೆಡವಿದರು. ಮುಂದಿನ ಬೆಂಚಿನವರು ಸಿಳ್ಳೆ ಹಾಕಿದರು. ದೀಪ ಹತ್ತಿತು. ಜನ ಎದ್ದು ಹೋದರೂ ಅಮ್ಮ ಏಳಲಿಲ್ಲ. “ಇನ್ನೂ ಸಮುದ್ರಕ್ಕೆ ಹೋಗ್ಬೇಕಲ್ಲ” ಎಂದು ಬಿಳಿ ಪರದೆಯನ್ನೇ ನೋಡುತ್ತಾ ಕೂತಳು.

ಆಗ ನಾನು ಮಾಡಿದ ಕೆಲಸ ಕೇಳು. ಟಾಕೀಸಿನವರು ರೀಲು ಕತ್ತರಿಸಿದ್ದಾರೆ ಎಂದು ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನೇರ ಮ್ಯಾನೇಜರ ಕೋಣೆಗೆ ನುಗ್ಗಿ, “ಮುದುಕಿ ಎಲ್ಲಿ ಸ್ವಾಮಿ?” ಅಂದೆ. “ಯಾವ ಮುದುಕಿ? ಯಾರಾದ್ರೂ ತಪ್ಪಿಸಿಕೊಂಡ್ರಾ?” ಎಂದು ಆತ ಗಾಬರಿಯಿಂದ ಎದ್ದರು. ಲಾಟೀನಿನ ಮುದುಕಿಯನ್ನು ತೋರಿಸದೆ ದುಡ್ಡು ಕಿತ್ತುಕೊಂಡಿರಿ, ಹಳ್ಳಿಯವರೆಂದು ಮೋಸ ಮಾಡಿದಿರಿ ಎಂದು ನಾನು ಕೂಗಾಡಿದೆ. ಜನ ಸೇರಿದರು. ಆತ ಒಳ್ಳೆಯ ಮನುಷ್ಯ. ರೀಲಿನ ಡಬ್ಬಗಳನ್ನು ತರಿಸಿ ಮೇಜಿನ ಮೇಲೆ ಜೋಡಿಸಿದರು. “ಹತ್ತು ಬಂದಿದೆ, ಹತ್ತೂ ಓಡಿಸಿದ್ದೀವಿ. ನಿಮಗೆ ಈ ಮುದುಕಿಯ ಕಥೆ ಹೇಳಿದ್ದು ಯಾರು?” ಅಂದರು. ನನ್ನ ತಮ್ಮ, ಅಕ್ಟೋಬರಿನಲ್ಲೇ ಮದ್ರಾಸಿನಲ್ಲಿ ನೋಡಿದ್ದಾನೆ ಎಂದೆ. “ಈ ಚಿತ್ರ ಮದ್ರಾಸಿಗೆ ಇಳಿದಿದ್ದೇ ಜನವರಿಯಲ್ಲಿ,” ಅಂದರು. ಸುಂದರೇಶ ನೆಲ ನೋಡುತ್ತಾ, “ಹೌದು ಮಲ್ಲಪ್ಪಣ್ಣ, ಪತ್ರಿಕೇಲಿ ನಾನೂ ಓದಿದ್ದೆ. ನೀವು ಹೂಂ ಅಂದಿದ್ರಲ್ಲ, ಅದಕ್ಕೇ ಸುಮ್ಮನಿದ್ದೆ,” ಅಂದ. ಮರಿಸ್ವಾಮಿ, ಮ್ಯಾನೇಜರ ಮಾತಿಗಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು.

ಮನೆಗೆ ಬಂದು ಕೂತು ಯೋಚಿಸಿದಾಗ ನನಗೆ ಎಲ್ಲ ಕಣ್ಣ ಮುಂದೆ ಬಂತು. ಅವತ್ತು ಜಗಲಿಯ ಮೇಲೆ ನಿನ್ನ ಕಥೆ ಪಟ್ಟಣದ ನಡುವೆ ಸಿಕ್ಕಿಕೊಂಡು ಮುಂದಕ್ಕೆ ಹೋಗದೆ ನಿಂತಿತ್ತು. ನೀನು ಅತ್ತಿತ್ತ ನೋಡಿದೆ. ಬಾಗಿಲಲ್ಲಿ ಅಮ್ಮ ಮೊರ ಹಿಡಿದು ಕೂತಿದ್ದಳು. ತಕ್ಷಣ ಮುದುಕಿ ಬಂದಳು. ಕಥೆ ಕಟ್ಟುವುದು ತಪ್ಪಲ್ಲ. ಅಪ್ಪನೂ ಕಟ್ಟುತ್ತಿದ್ದ. ಆದರೆ ಕಟ್ಟಿದ್ದೇನೆ ಎಂದು ಹೂಂಗುಡುವವನಿಗೆ ಮೊದಲೇ ಕಣ್ಣು ಮಿಟುಕಿಸುತ್ತಿದ್ದ. ನೀನು ನನಗೆ ಅಷ್ಟನ್ನೂ ಮಾಡಲಿಲ್ಲ. ನೋಡಿದ್ದು ಸುಳ್ಳಾದರೆ ದೊಡ್ಡವರ ಜೊತೆ ಕೂತದ್ದೂ ಸುಳ್ಳೇ? ಸ್ಟುಡಿಯೋ ಕೆಲಸವೂ ಸುಳ್ಳೇ? ಹೀಗೆ ಎಳೆದಷ್ಟೂ ದಾರ ಬಿಚ್ಚಿಕೊಳ್ಳುತ್ತಿದೆ, ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಇನ್ನು ಮೇಲೆ ನೀನು ಬಂದಾಗ ಏನು ಬೇಕಾದರೂ ಹೇಳು. ಹೂಂ ಅನ್ನಲು ಬೇರೆ ಯಾರನ್ನಾದರೂ ಕರೆದುಕೊಂಡು ಬಾ. ಮೈ ಕಡೆ ಗಮನವಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟಿದ್ದರೂ ಹರಸುವ ಕೈ ಹರಸುತ್ತಲೇ ಇದೆ.

ನಿನ್ನ ಅಣ್ಣ,
ಶಿವಮಲ್ಲಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ, ಕಾಗದ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಕೃಷ್ಣಪ್ಪ ಹಾಲು ಹಾಕಿ, ಕೂರದೆ ಹೋದ. ಸುಂದರೇಶ ಈ ಕಡೆ ಬರಲಿಲ್ಲ. ಪೌಲರಾಜ್ ಒಬ್ಬ ಬಂದ. ತನ್ನ ತಂಗಿ ಜಯಮೇರಿಯ ಮಗುವಿನ ಜ್ಞಾನಸ್ನಾನಕ್ಕೆ ಗುರುವಾರ ಮದ್ರಾಸಿಗೆ ಹೊರಟಿದ್ದಾನಂತೆ. ಅಮ್ಮ ಅದನ್ನು ಕೇಳಿಸಿಕೊಂಡು ಹೊರಗೆ ಬಂದಳು. “ಪೂರ್ತಿ ಸಿನಿಮಾ ಅಲ್ಲೇ ಇರ್ಬೇಕು ಕಣೋ. ಈ ಊರಿಗೆ ಕಮ್ಮಿ ಕಳಿಸವ್ರೆ. ನಾನೂ ಪೌಲಪ್ಪನ ಜೊತೆ ಹೋಗ್ಬುಡ್ತೀನಿ, ನಮ್ಮ ಮರಿ ತೋರಿಸ್ತಾನೆ. ಅವನು ಅಲ್ಲೇ ತಾನೆ ನೋಡಿದ್ದು, ಅಲ್ವೇನೋ ಮಲ್ಲ?” ಅಂದಳು. ಇಲ್ಲ ಅನ್ನಲೆಂದೇ ತಲೆ ಎತ್ತಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೂಂ ಅಂದುಬಿಟ್ಟೆ. ಶುಕ್ರವಾರ ಬೆಳಿಗ್ಗೆ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ, ನೀನು ಅಲ್ಲಿರು. ಈಗ ಒಳಗೆ ಮೊರಕ್ಕೆ ಬಟ್ಟೆ ಸುತ್ತಿ ಗಂಟಿಗೆ ಸೇರಿಸುತ್ತಿದ್ದಾಳೆ. ಆ ಮುದುಕಿಯ ಮೊರವೂ ಇಂಥದ್ದೇನಾ ಎಂದು ಹಿಡಿದು ನೋಡಬೇಕಂತೆ.